ತಾನಾಗಿ ಬೀಳುವ ಕತ್ತರಿ: 2013ರ ಅಮೆರಿಕದ ಸೀಕ್ವೆಸ್ಟರ್ ಮತ್ತು ಯೂನಿಯನ್‌ಗಳ ವಿರೋಧ

ಪೊಟೋಮ್ಯಾಕ್ ದಂಡೆಯವ

ಎಲ್ಲರಿಗೂ ನಮಸ್ಕಾರ. ನಿವೃತ್ತನಾದ ಮೇಲೆ ಈಗ ಮನೆ ಬದಲಿಸುತ್ತಿದ್ದೇವೆ. ಬೇಸ್‌ಮೆಂಟ್ ಖಾಲಿ ಮಾಡುವಾಗ ಹಳೇ ಫೈಲೊಂದು ಕೈಗೆ ಬಂತು. ಒಳಗೆ 2013ರ ಜೂನ್ ತಿಂಗಳ ನೋಟಿಸು. ಜುಲೈ 8ರಿಂದ ವಾರಕ್ಕೊಂದರಂತೆ 11 ದಿನ ಸಂಬಳವಿಲ್ಲದ ಕಡ್ಡಾಯ ರಜೆ. ಇಲ್ಲಿ ಇದಕ್ಕೆ ಫರ್ಲೋ ಅಂತಾರೆ. ವಾರದ ಐದು ದಿನದಲ್ಲಿ ಒಂದು ದಿನ ಹೋದರೆ ಸಂಬಳದಲ್ಲಿ ಐದನೇ ಒಂದು ಭಾಗ ಹೋಯಿತು. ನೋಟಿಸಿನ ಕೆಳಗೆ ಸಹಿ ಮಾಡಿದ್ದ ಅಧಿಕಾರಿಗೂ ಅದೇ ನೋಟಿಸು ಬಂದಿತ್ತು.

ನಾನು ಆಗ ಮೇರಿಲ್ಯಾಂಡ್‌ನಲ್ಲಿ ರಕ್ಷಣಾ ಇಲಾಖೆಯ ಸಿವಿಲಿಯನ್ ಎಂಜಿನಿಯರ್. ಜೊತೆಗೆ ನಮ್ಮ ಯೂನಿಯನ್ನಿನ ಸ್ಟೂವರ್ಡ್, ಅಂದರೆ ನಮ್ಮ ಮಹಡಿಯ ಎಂಬತ್ತು ಚಿಲ್ಲರೆ ಜನರ ಪರವಾಗಿ ಮಾತಾಡುವವನು. ಆ ಬೇಸಿಗೆಯ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ ಇಷ್ಟು. 2011ರಲ್ಲಿ ಸರ್ಕಾರದ ಸಾಲದ ಮಿತಿ ಏರಿಸುವ ಜಗಳ ಕೊನೇ ಗಳಿಗೆಯವರೆಗೂ ಎಳೆದು, ಆಗಸ್ಟ್ 2ರಂದು ಬಜೆಟ್ ಕಂಟ್ರೋಲ್ ಆಕ್ಟ್ ಜಾರಿಗೆ ಬಂತು. ಎರಡೂ ಪಕ್ಷಗಳ ಒಟ್ಟು 12 ಸಂಸದರ ಸಮಿತಿ ಕೂತು ಹತ್ತು ವರ್ಷಕ್ಕೆ 1.2 ಲಕ್ಷ ಕೋಟಿ ಡಾಲರ್ ಉಳಿತಾಯದ ದಾರಿ ಹುಡುಕಬೇಕು. ಹುಡುಕದಿದ್ದರೆ ಖರ್ಚಿಗೆ ಕತ್ತರಿ ತಾನಾಗಿ ಬೀಳುತ್ತದೆ, ಅರ್ಧ ರಕ್ಷಣೆಗೆ, ಅರ್ಧ ಉಳಿದ ಇಲಾಖೆಗಳಿಗೆ. ಈ ಕತ್ತರಿಗೇ ಸೀಕ್ವೆಸ್ಟರ್ ಅಂತ ಹೆಸರು. ಕತ್ತರಿ ಎರಡೂ ಪಕ್ಷಕ್ಕೆ ನೋಯುವಂತಿದ್ದರೆ ಹೆದರಿಯಾದರೂ ಒಪ್ಪಂದಕ್ಕೆ ಬರುತ್ತಾರೆ ಅನ್ನುವ ಲೆಕ್ಕ. ಯಾರೂ ಹೆದರಲಿಲ್ಲ. 2011ರ ನವೆಂಬರ್ 21ಕ್ಕೆ ಸಮಿತಿ ಕೈಚೆಲ್ಲಿತು. 2013ರ ಜನವರಿಯಲ್ಲಿ ಬೀಳಬೇಕಿದ್ದ ಕತ್ತರಿ ಎರಡು ತಿಂಗಳು ಮುಂದಕ್ಕೆ ಹೋಗಿ ಮಾರ್ಚ್ 1ರಂದು ಬಿತ್ತು. ಆ ವರ್ಷದ ಪಾಲು ಸುಮಾರು 8,500 ಕೋಟಿ ಡಾಲರ್.

ಯೂನಿಯನ್‌ಗಳು ಇದನ್ನು ಮೊದಲ ದಿನದಿಂದ ವಿರೋಧಿಸಿದವು. ಯಾಕೆ ಅನ್ನುವುದನ್ನು ಪ್ರಶ್ನೆ ಬಂದ ಹಾಗೆ ಬರೆಯುತ್ತೇನೆ.

ಹೂಸ್ಟನ್ ವಾಸಿ

ಸರ್, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡೇ ಕೇಳುತ್ತಿದ್ದೇನೆ. ನಾನು ತೈಲ ಉದ್ಯಮದಲ್ಲಿದ್ದು ಎರಡು ಸಲ ಕೆಲಸ ಕಳೆದುಕೊಂಡವನು. ನನಗೆ ನೋಟಿಸೂ ಬರಲಿಲ್ಲ, ಬೆಳಿಗ್ಗೆ ಬ್ಯಾಡ್ಜ್ ಒತ್ತಿದರೆ ಬಾಗಿಲು ತೆರೆಯಲಿಲ್ಲ, ಅಷ್ಟೆ. ಸರ್ಕಾರಿ ನೌಕರರಿಗೆ ವಾರಕ್ಕೊಂದು ದಿನದ ಸಂಬಳ ಹೋದದ್ದಕ್ಕೆ ಇಷ್ಟು ದೊಡ್ಡ ಹೋರಾಟ ಯಾಕೆ? ತೆರಿಗೆ ಕಟ್ಟುವವರೂ ಕಷ್ಟದಲ್ಲೇ ಇದ್ದರಲ್ಲ.

ಪೊಟೋಮ್ಯಾಕ್ ದಂಡೆಯವ

ಬಾಗಿಲು ತೆರೆಯದ ಆ ಬೆಳಗಿನ ಪಾಡು ಯಾರಿಗೂ ಬೇಡ ತಮ್ಮಾ. ನಿಮಗಿಂತ ನಮಗೆ ಹೆಚ್ಚು ನೋವಾಯಿತು ಅಂತ ನಾನು ಹೇಳುವುದಿಲ್ಲ.

ಆದರೆ ಒಂದು ವ್ಯತ್ಯಾಸ ನೋಡಿ. ಕಂಪನಿಗೆ ಲಾಭ ಇಲ್ಲ, ಜನರನ್ನು ತೆಗೆದರು. ಅದು ಯಾರೋ ಒಬ್ಬರು ಕೂತು ಮಾಡಿದ ತೀರ್ಮಾನ. ಸರಿಯೋ ತಪ್ಪೋ, ಅವರ ಹೆಸರು ಹೇಳಬಹುದು. ನಮ್ಮ ವಿಷಯದಲ್ಲಿ ತೀರ್ಮಾನ ಯಾರದು ಅಂತ ಕೇಳಿದರೆ ಸಂಸತ್ತು ಅಧ್ಯಕ್ಷರ ಕಡೆ ಕೈ ತೋರಿಸಿತು, ಅಧ್ಯಕ್ಷರು ಸಂಸತ್ತಿನ ಕಡೆ, ನಮ್ಮ ಕಮಾಂಡರು ಕಾಯ್ದೆಯ ಕಡೆ. ಮುಂಚಿನ ಮೂರು ವರ್ಷ ನಮ್ಮ ಮೂಲ ವೇತನ ಏರಿರಲಿಲ್ಲ. ಆದರೆ ಅದು ಸಂಸತ್ತು ಎದುರುನಿಂತು ಹೇಳಿದ ಮಾತು. ಜನ ಗೊಣಗಿದರು, ಸಹಿಸಿಕೊಂಡರು. ಈ ಕತ್ತರಿ ಮಾತ್ರ ಯಾರ ಕೈಯಲ್ಲೂ ಇಲ್ಲದ ಕತ್ತರಿ.

ಇನ್ನೊಂದು ಮಾತು. ನಮ್ಮ ವಿಭಾಗದ ಸಂಬಳ ನೇರವಾಗಿ ಬಜೆಟ್ಟಿನಿಂದ ಬರುತ್ತಿರಲಿಲ್ಲ. ಸೇನೆಯ ಬೇರೆ ಬೇರೆ ಘಟಕಗಳು ಕೆಲಸ ಕೊಡುತ್ತವೆ, ನಾವು ಮಾಡಿ ಬಿಲ್ ಕಳಿಸುತ್ತೇವೆ, ಆ ಹಣದಿಂದ ಸಂಬಳ. ವರ್ಕಿಂಗ್ ಕ್ಯಾಪಿಟಲ್ ಫಂಡ್ ಅಂತ ಅದರ ಹೆಸರು. ಕೆಲಸ ಕೈಯಲ್ಲಿತ್ತು, ಅದಕ್ಕೆ ಹಣವೂ ಬಂದಿತ್ತು. ಆದರೂ ಶುಕ್ರವಾರ ಮನೆಯಲ್ಲಿರಿ ಅಂದರು. ನಮ್ಮನ್ನು ಮನೆಗೆ ಕಳಿಸಿ ಏನು ಉಳಿಸುತ್ತೀರಿ, ತಡವಾದ ಕೆಲಸ ಆಮೇಲೆ ಓವರ್‌ಟೈಮಿನಲ್ಲಿ ಮಾಡಿಸಬೇಕಲ್ಲ ಅಂತ ಯೂನಿಯನ್ ಕೇಳಿತು. ಎರಡೂ ಪಕ್ಷದ ಕೆಲವು ಸಂಸದರೂ ಅದನ್ನೇ ಕೇಳಿದರು.

ಧಾರವಾಡದ ಮಾಸ್ತರ

ನಾನು ಮೂವತ್ತು ವರ್ಷ ಕಾಲೇಜಿನ್ಯಾಗ ಅರ್ಥಶಾಸ್ತ್ರ ಕಲಿಸಿದಾಂವ. ಎಂಜಿನಿಯರ್ ಸಾಹೇಬ್ರ, ಒಂದು ಮಾತು ಕೇಳ್ತೀನ್ರಿ. ಸಾಲ ಏನು ಸುಳ್ಳೇನ್ರಿ? 2009ರಾಗ ಅಮೆರಿಕದ ವಿತ್ತೀಯ ಕೊರತಿ 1.4 ಲಕ್ಷ ಕೋಟಿ ಡಾಲರ್ ಇತ್ತು. ಲಗಾಮು ಇಲ್ಲದ ಕುದುರಿ ಎಲ್ಲಿ ಹೋಗಿ ನಿಲ್ತದ? ಯೂನಿಯನ್ನಿನವ್ರು ಬ್ಯಾಡ ಬ್ಯಾಡ ಅಂತಾರ, ಮತ್ತ ಏನು ಬೇಕು ಅಂತ ಹೇಳೂದಿಲ್ಲ.

ಹಂಗಂತ ತಾನಾಗಿ ಬೀಳೂ ಕತ್ತರಿ ಛಲೋ ಅಂತ ನಾ ಅನ್ನಂಗಿಲ್ಲ. ನಮ್ಮ ಕರ್ನಾಟಕ 2002ರಾಗ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡ್ತು, ದೇಶದಾಗ ಮೊದಲನೇ ರಾಜ್ಯ. ಮರುವರ್ಷ ಕೇಂದ್ರದ್ದೂ ಬಂತು. ಅದರಾಗ ಗುರಿ ಅದ, ಗುರಿ ತಪ್ಪಿದ್ರ ಸದನದ ಮುಂದ ನಿಂತು ಕಾರಣ ಹೇಳೂ ಜವಾಬ್ದಾರಿ ಅದ. ಗುರಿ ತಪ್ಪಿತು ಅಂತ ಅಂಗನವಾಡಿಯಿಂದ ಹಿಡಿದು ಫಿರಂಗಿ ತನಕ ಎಲ್ಲಾದಕ್ಕೂ ಒಂದೇ ಅಳತಿ ಕೊಯ್ಯೂ ಯಂತ್ರ ಇಲ್ಲ.

ಪೊಟೋಮ್ಯಾಕ್ ದಂಡೆಯವ

ಮಾಸ್ತರೇ, ನಾನು ಒಂದು ಪುಟದಲ್ಲಿ ಹೇಳಬೇಕೆಂದಿದ್ದದ್ದನ್ನು ನೀವು ಒಂದು ವಾಕ್ಯದಲ್ಲಿ ಹೇಳಿದಿರಿ. ಕಾರಣ ಹೇಳುವ ಜವಾಬ್ದಾರಿ ಬೇರೆ, ಯಂತ್ರ ಬೇರೆ.

ಯೂನಿಯನ್ ಏನು ಬೇಕೆಂದು ಹೇಳಲಿಲ್ಲ ಅನ್ನುವುದನ್ನು ಮಾತ್ರ ಒಪ್ಪಲಾರೆ. ರಿಚರ್ಡ್ ಟ್ರಮ್ಕಾ ಮುಂದಾಳತ್ವದ, ದೇಶದ ಹಲವು ಯೂನಿಯನ್‌ಗಳು ಸೇರಿದ ಎಎಫ್‌ಎಲ್-ಸಿಐಒ ಒಕ್ಕೂಟ ಸ್ಪಷ್ಟವಾಗಿ ಕೇಳಿತ್ತು: ಸೀಕ್ವೆಸ್ಟರನ್ನು ಪೂರ್ತಿ ರದ್ದು ಮಾಡಿ, ಬೇಕಾದ ಹಣಕ್ಕೆ ದೊಡ್ಡ ಕಂಪನಿಗಳ ಮತ್ತು ಭಾರಿ ಶ್ರೀಮಂತರ ತೆರಿಗೆ ವಿನಾಯಿತಿಗಳನ್ನು ಮುಚ್ಚಿ, ಇದರ ಬದಲಿಗೆ ಅಂತ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೂ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೂ ಕೈ ಹಾಕಬೇಡಿ. ಈ ಕೊನೇ ಮಾತಿಗೆ ಕಾರಣ ಇತ್ತು. ಸೋಷಿಯಲ್ ಸೆಕ್ಯುರಿಟಿ ಸೀಕ್ವೆಸ್ಟರಿನ ಹೊರಗಿತ್ತು. ಆದರೆ ಆ ಏಪ್ರಿಲ್‌ನಲ್ಲಿ ಒಬಾಮಾ ಕೊಟ್ಟ ಬಜೆಟ್ ಪ್ರಸ್ತಾವದಲ್ಲೇ, ಬೆಲೆ ಏರಿಕೆಗೆ ತಕ್ಕಂತೆ ಪಿಂಚಣಿ ಏರಿಸುವ ಸೂತ್ರವನ್ನು ಬದಲಿಸಿ ಏರಿಕೆ ತಗ್ಗಿಸುವ ಮಾತಿತ್ತು. ತಾವು ಗೆಲ್ಲಿಸಿದ ಅಧ್ಯಕ್ಷರನ್ನೇ ಯೂನಿಯನ್‌ಗಳು ಎದುರುಹಾಕಿಕೊಂಡವು. ಕತ್ತರಿಯಿಂದ ಬಿಡಿಸಿಕೊಳ್ಳಲು ಮುದುಕರ ತಟ್ಟೆಯಿಂದ ತೆಗೆದುಕೊಡುವುದಕ್ಕೆ ನಾವು ತಯಾರಿರಲಿಲ್ಲ.

ಒಳಗೆ ಒಡಕೂ ಇತ್ತು, ಮುಚ್ಚಿಡುವುದಿಲ್ಲ. ವಿಮಾನ, ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ಸದಸ್ಯರಿದ್ದ ಮೆಷಿನಿಸ್ಟ್ಸ್ ಯೂನಿಯನ್ನಿಗೆ ರಕ್ಷಣೆಯ ಕಡಿತವೇ ದೊಡ್ಡ ಚಿಂತೆ. ರಕ್ಷಣಾ ಖರ್ಚು ಇಳಿದರೆ ಒಳ್ಳೆಯದೇ ಅನ್ನುವವರೂ ನಮ್ಮ ಸಭೆಗಳಲ್ಲಿದ್ದರು. ನಾನು ರಕ್ಷಣಾ ಇಲಾಖೆಯವನಾಗಿ ಅವರ ಮುಂದೆ ಕೂತು ಕೇಳಿಸಿಕೊಂಡಿದ್ದೇನೆ. ಅವರ ಮಾತಲ್ಲೂ ನ್ಯಾಯವಿತ್ತು.

ಮಿಷಿಗನ್ ಅಕ್ಕ

ನಾನು ಹೆಡ್ ಸ್ಟಾರ್ಟ್ ಕೇಂದ್ರವೊಂದರಲ್ಲಿ ಸಹಾಯಕಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬಡವರ ಮಕ್ಕಳಿಗೆ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಶಾಲಾಪೂರ್ವ ಕೇಂದ್ರ ಇದು, ನಮ್ಮ ಅಂಗನವಾಡಿಯನ್ನು ನೆನೆಸಿಕೊಳ್ಳಿ. ಆ ವರ್ಷ ದೇಶದಾದ್ಯಂತ ಸುಮಾರು 57,000 ಮಕ್ಕಳ ಜಾಗ ಹೋಯಿತು. ಪಕ್ಕದ ಇಂಡಿಯಾನಾದ ಎರಡು ಕಡೆ ಯಾವ ಮಗುವನ್ನು ಬಿಡಬೇಕು ಅಂತ ಚೀಟಿ ಎತ್ತಿದರು.

ನಮ್ಮಲ್ಲಿ ಚೀಟಿ ಎತ್ತಲಿಲ್ಲ. ಒಂದು ತರಗತಿಯನ್ನೇ ಮುಚ್ಚಿದರು. ಗೋಡೆಗೆ ಮಕ್ಕಳ ಎತ್ತರಕ್ಕೆ ಸಾಲಾಗಿ ಗೂಟ ಹೊಡೆದು, ಪ್ರತಿ ಗೂಟದ ಮೇಲೆ ಹೆಸರು ಬರೆದು, ಪಕ್ಕದಲ್ಲಿ ಒಂದು ಚಿತ್ರ ಅಂಟಿಸಿರುತ್ತೇವೆ. ಓದು ಬಾರದ ಮಗು ಚಿತ್ರ ನೋಡಿ ತನ್ನ ಕೋಟು ನೇತುಹಾಕಲಿ ಅಂತ. ಒಬ್ಬಳದು ಆಮೆ, ಒಬ್ಬನದು ಬಸ್ಸು. ಆ ಚಿತ್ರಗಳನ್ನು ಉಗುರಿನಿಂದ ಕಿತ್ತವಳು ನಾನೇ. ಬಸ್ಸಿನ ಹುಡುಗನ ಅಮ್ಮ ರಾತ್ರಿ ಪಾಳಿಯಲ್ಲಿ ಆಸ್ಪತ್ರೆ ನೆಲ ಒರೆಸುತ್ತಿದ್ದಳು, ಮಗು ನಮ್ಮ ಹತ್ತಿರ ಇರುವ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದಳು. ಅವಳು ನನ್ನ ಮೇಲೆ ಕೂಗಾಡಲಿಲ್ಲ. "ಯಾರನ್ನು ಕೇಳಬೇಕು ಹೇಳಿ, ಹೋಗಿ ಕೇಳ್ತೀನಿ" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಹೂಸ್ಟನ್ನಿನ ಅಣ್ಣ ಕೇಳಿದ ಪ್ರಶ್ನೆಗೆ ಇಷ್ಟೇ ಹೇಳುವುದು. ಇದು ಬರೀ ನೌಕರರ ಸಂಬಳದ ವಿಷಯ ಆಗಿರಲಿಲ್ಲ.

ಹೂಸ್ಟನ್ ವಾಸಿ

ಅಕ್ಕಾ, ಮಕ್ಕಳ ಸಂಗತಿ ನನಗೆ ನಿಜವಾಗಿ ಗೊತ್ತಿರಲಿಲ್ಲ. ಆದರೆ ವಿಮಾನಗಳು ತಡವಾದದ್ದು ಚೆನ್ನಾಗಿ ನೆನಪಿದೆ. ಅದನ್ನು ಒಂದೇ ವಾರದಲ್ಲಿ ಸರಿ ಮಾಡಿದರಲ್ಲ? ಹಾಗಾದರೆ ಉಳಿದದ್ದನ್ನೂ ಸರಿ ಮಾಡಬಹುದಿತ್ತು.

ಪೊಟೋಮ್ಯಾಕ್ ದಂಡೆಯವ

ಸರಿಯಾದ ಜಾಗಕ್ಕೇ ಕೈ ಇಟ್ಟಿರಿ.

ವಿನಾಯಿತಿ ಸಿಕ್ಕವನ್ನು ಬಿಟ್ಟರೆ, ಈ ಕತ್ತರಿ ಒಂದು ಇಲಾಖೆಯೊಳಗಿನ ಯೋಜನೆಗಳಿಗೆಲ್ಲ ಒಂದೇ ಪ್ರಮಾಣದಲ್ಲಿ ಬೀಳಬೇಕು ಅಂತ ಕಾಯ್ದೆಯಲ್ಲೇ ಬರೆದಿತ್ತು. ಮುಖ್ಯವಾದದ್ದನ್ನು ಉಳಿಸಿ ದಂಡದ ಖರ್ಚನ್ನು ಕಡಿಯುವ ಅಧಿಕಾರ ಇಲಾಖೆಯ ಮುಖ್ಯಸ್ಥರಿಗೆ ಇರಲಿಲ್ಲ. ಅದರಲ್ಲೂ ವಾಯುಯಾನ ಇಲಾಖೆಯ ಕಾರ್ಯಾಚರಣೆಯ ಖರ್ಚೆಂದರೆ ಹೆಚ್ಚಿನ ಪಾಲು ಸಂಬಳ. 2013ರ ಏಪ್ರಿಲ್ 21ರಿಂದ ವಿಮಾನ ಸಂಚಾರ ನಿಯಂತ್ರಕರಿಗೂ ಫರ್ಲೋ ಶುರುವಾಯಿತು. ಸಾವಿರಾರು ವಿಮಾನ ತಡವಾದವು. ನಿಯಂತ್ರಕರ ಯೂನಿಯನ್ ತಿಂಗಳುಗಳಿಂದ ಎಚ್ಚರಿಸುತ್ತಲೇ ಬಂದಿತ್ತು. ವಿಮಾನ ಕಂಪನಿಗಳೂ ಪ್ರಯಾಣಿಕರೂ ದನಿಗೂಡಿಸಿದ ಮೇಲೆ ಒಂದೇ ವಾರದಲ್ಲಿ ಸಂಸತ್ತಿನ ಎರಡೂ ಸದನ ಕಾಯ್ದೆ ಪಾಸು ಮಾಡಿದವು. ವಿಮಾನ ನಿಲ್ದಾಣ ಸುಧಾರಣೆಗೆ ಇಟ್ಟ ಹಣದಿಂದ 25.3 ಕೋಟಿ ಡಾಲರ್‌ವರೆಗೆ ತೆಗೆದು ಸಂಬಳಕ್ಕೆ ಹಾಕಬಹುದು ಅಂತ. ಪಾಸು ಮಾಡಿದ ಸಂಸದರು ರಜೆಗೆ ಊರಿಗೆ ಹಾರಿದರು.

ಮಾಂಸ ತಪಾಸಣೆ ಮಾಡುವವರಿಗೂ ಮಾರ್ಚ್‌ನಲ್ಲೇ 5.5 ಕೋಟಿ ಡಾಲರ್ ಸಿಕ್ಕಿತ್ತು. ತಪಾಸಕರಿಲ್ಲದೆ ಕಸಾಯಿಖಾನೆ ನಡೆಸುವಂತಿಲ್ಲ. ಅವರು ರಜೆ ಹಾಕಿದ ದಿನ ಕಂಪನಿಗಳೂ ಬಾಗಿಲು ಹಾಕಬೇಕು.

ಅವರೂ ನಮ್ಮ ಬಂಧುಗಳೇ, ಅವರಿಗೆ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ಆದರೆ ನಿಯಂತ್ರಕರ ಫರ್ಲೋ ನಿಂತ ದಿನ ಊಟದ ಕೋಣೆಯಲ್ಲಿ ನಮ್ಮ ಸದಸ್ಯೆಯೊಬ್ಬರು ತಣ್ಣಗೆ ಹೇಳಿದ್ದು ನೆನಪಿದೆ: "ಯಾರ ಕಷ್ಟ ವಿಮಾನ ನಿಲ್ದಾಣದಲ್ಲಿ ಕಾಣುತ್ತೋ ಅವರದು ಬಗೆಹರಿಯುತ್ತೆ." ದೀರ್ಘಕಾಲ ಕೆಲಸವಿಲ್ಲದವರಿಗೆ ಕೊಡುತ್ತಿದ್ದ ಕೇಂದ್ರದ ನಿರುದ್ಯೋಗ ಭತ್ಯೆಯ ವಾರದ ಮೊತ್ತಕ್ಕೆ ಶೇ 10.7ರಷ್ಟು ಕತ್ತರಿ ಬಿತ್ತು. ಅದಕ್ಕೆ ಯಾವ ಸದನವೂ ರಾತ್ರಿ ಕೂರಲಿಲ್ಲ. ಹೆಡ್ ಸ್ಟಾರ್ಟ್ ಮಕ್ಕಳಿಗೂ ಅಷ್ಟೇ.

ಬೆಥೆಸ್ಡಾ ಲ್ಯಾಬ್

ನಾನು ಆಗ ಪೋಸ್ಟ್‌ಡಾಕ್, ವೀಸಾದ ಮೇಲಿದ್ದವಳು, ಯೂನಿಯನ್ ಸದಸ್ಯತ್ವ ಇಲ್ಲ. ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅದೇ ಎನ್‌ಐಎಚ್‌ನ ಬಜೆಟ್ಟಿನಲ್ಲಿ ಶೇ 5, ಅಂದರೆ 155 ಕೋಟಿ ಡಾಲರ್ ಹೋಯಿತು. ಹೊಸ ಸಂಶೋಧನಾ ಅನುದಾನಗಳಲ್ಲಿ ಸುಮಾರು 700 ಕಡಿಮೆಯಾದವು. ನಮ್ಮ ಗುಂಪಿನಲ್ಲಿ ಇಲಿಗಳ ಒಂದು ತಳಿಯನ್ನು ಆರು ವರ್ಷದಿಂದ ಸಾಕಿಕೊಂಡು ಬಂದಿದ್ದೆವು, ಪಂಜರದ ದಿನಗೂಲಿ ಕಟ್ಟಲಾಗದೆ ಬಿಡಬೇಕಾಯಿತು. ಮರುವರ್ಷ ಹಣ ಬಂತು, ಇಲಿಗಳು ಬರಲಿಲ್ಲ.

ಬೆಂಗಳೂರಿನಿಂದ ಗುಮಾಸ್ತ

ಓದುತ್ತಾ ಇದ್ದೀನಿ ಸರ್. ನಾನು ರಾಜ್ಯ ಸರ್ಕಾರಿ ನೌಕರ. ನಮ್ಮಲ್ಲಿ 2023ರ ಮಾರ್ಚ್ 1ಕ್ಕೆ ಅನಿರ್ದಿಷ್ಟಾವಧಿ ಮುಷ್ಕರ ಅಂತ ಸಂಘ ಕರೆ ಕೊಟ್ಟಿತು. ಕಚೇರಿ, ಆಸ್ಪತ್ರೆ ಹೊರರೋಗಿ ವಿಭಾಗ ಎಲ್ಲಾ ಬಣಬಣ. ಅದೇ ದಿನ ಸರ್ಕಾರ ಶೇ 17 ಮಧ್ಯಂತರ ಪರಿಹಾರದ ಆದೇಶ ಮಾಡಿತು, ಮುಷ್ಕರ ವಾಪಸ್ಸಾಯಿತು. ನಿಮ್ಮ ರಕ್ಷಣಾ ಇಲಾಖೆಯಲ್ಲಿ ಫರ್ಲೋ ಆದ ಸುಮಾರು ಆರೂವರೆ ಲಕ್ಷ ಜನ ಒಂದು ದಿನ ಕೆಲಸ ನಿಲ್ಲಿಸಿದ್ದರೆ ಸಾಕಿತ್ತಲ್ಲ? ಯಾಕೆ ಮಾಡಲಿಲ್ಲ?

ಪೊಟೋಮ್ಯಾಕ್ ದಂಡೆಯವ

ಇಲ್ಲಿ ಕೇಂದ್ರ ಸರ್ಕಾರಿ ನೌಕರ ಮುಷ್ಕರ ಮಾಡುವುದು ಅಪರಾಧ. ಭಾರತದಲ್ಲೂ 2003ರಲ್ಲಿ ತಮಿಳುನಾಡಿನ ನೌಕರರ ಪ್ರಕರಣದಲ್ಲಿ ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ನಿಮಗೆ ಗೊತ್ತಿರುತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ 1981ರ ಆಗಸ್ಟ್ ಯಾರಿಗೂ ಮರೆತಿಲ್ಲ. ವಿಮಾನ ನಿಯಂತ್ರಕರು ಮುಷ್ಕರ ಹೂಡಿದರು, ರೇಗನ್ 48 ಗಂಟೆ ಗಡುವು ಕೊಟ್ಟು 11,000ಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದರು. ಅವರ ಯೂನಿಯನ್ನಿನ ಮಾನ್ಯತೆಯೂ ಹೋಯಿತು. ನಾನು ಕೆಲಸಕ್ಕೆ ಸೇರಿದಾಗ ಹಳಬರು ಹೇಳಿಕೊಟ್ಟ ಮೊದಲ ಪಾಠವೇ ಅದು.

ಇನ್ನೂ ವಿಚಿತ್ರ ಕೇಳಿ. ಫರ್ಲೋ ದಿನ ಕೆಲಸ ಮಾಡುವುದೂ ತಪ್ಪು. ಸರ್ಕಾರ ಪುಕ್ಕಟೆ ದುಡಿಮೆ ತೆಗೆದುಕೊಳ್ಳುವಂತಿಲ್ಲ ಅಂತ ಹಳೇ ಕಾಯ್ದೆ ಇದೆ. ಕಚೇರಿಯ ಬ್ಲ್ಯಾಕ್‌ಬೆರಿ ಫೋನು ಮುಟ್ಟುವಂತಿಲ್ಲ, ಇಮೇಲ್ ನೋಡುವಂತಿಲ್ಲ. ನಮ್ಮಲ್ಲಿ ಪರೀಕ್ಷಾ ಯಂತ್ರ ನಡೆಸುತ್ತಿದ್ದ ಹಿರಿಯರೊಬ್ಬರು ಶುಕ್ರವಾರ ತಡೆಯಲಾರದೆ ಬಂದು ಗೇಟಿನ ಹೊರಗೆ ಕಾರು ನಿಲ್ಲಿಸಿ ಕೂತಿದ್ದರಂತೆ. "ಒಳಗೆ ಯಂತ್ರ ಬಿಸಿ ಆಗ್ತಿದೆಯೋ ಏನೋ ಅಂತ ಮನಸ್ಸು ನಿಲ್ಲಲಿಲ್ಲ" ಅಂದರು.

ಹಾಗಾದರೆ ಕೈಯಲ್ಲಿ ಇದ್ದದ್ದೇನು? ಊಟದ ಬಿಡುವಿನಲ್ಲಿ ಫಲಕ ಹಿಡಿದು ನಿಲ್ಲುವುದು, ಸಂಸದರ ಕಚೇರಿಗೆ ಫೋನು ಮಾಡಿಸುವುದು, ಯಾವ ವಾರದ ದಿನ ರಜೆ ಅನ್ನುವ ಬಗ್ಗೆ ಚೌಕಾಸಿ. ಆಮೇಲೆ ಮೇಲ್ಮನವಿ. 30 ದಿನದೊಳಗಿನ ಫರ್ಲೋವನ್ನು, ಕೇಂದ್ರ ನೌಕರರ ಮೇಲ್ಮನವಿ ಕೇಳುವ ಮೆರಿಟ್ ಸಿಸ್ಟಮ್ಸ್ ಪ್ರೊಟೆಕ್ಷನ್ ಬೋರ್ಡಿನ ಮುಂದೆ ಪ್ರಶ್ನಿಸಬಹುದು. ವರ್ಷಕ್ಕೆ ಕೆಲವೇ ಸಾವಿರ ಅರ್ಜಿ ನೋಡುವ ಆ ಮಂಡಳಿಗೆ ಫರ್ಲೋ ಒಂದರ ಮೇಲೆಯೇ 32,000ಕ್ಕೂ ಹೆಚ್ಚು ಅರ್ಜಿ ಬಿದ್ದವು. ನಮ್ಮ ಮಹಡಿಯಿಂದ ಹೋದ ಅರವತ್ತೊಂದನ್ನು ನನ್ನ ಅಡುಗೆಮನೆ ಮೇಜಿನ ಮೇಲೆ ಜೋಡಿಸಿದ್ದೆ. ನನ್ನಾಕೆ ಪ್ರತಿಯೊಂದಕ್ಕೂ ಪಿನ್ ಹೊಡೆದಳು.

ಮೈಸೂರು ವಕೀಲೆ

ಕೋರ್ಟಿನ ಮಾತು ಬಂದದ್ದರಿಂದ ಒಂದು ಸಂಗತಿ ಸೇರಿಸುತ್ತೇನೆ. ಕಾನೂನು ಕಾಲೇಜಿನಲ್ಲಿ ಅಧಿಕಾರ ವಿಭಜನೆಯ ಪಾಠದಲ್ಲಿ ಓದಿದ್ದು. ಈ ತಾನಾಗಿ ಬೀಳುವ ಕತ್ತರಿ 2011ರಲ್ಲಿ ಹುಟ್ಟಿದ್ದಲ್ಲ. 1985ರ ಗ್ರಾಮ್-ರಡ್ಮನ್-ಹಾಲಿಂಗ್ಸ್ ಕಾಯ್ದೆಯಲ್ಲೇ ಇತ್ತು. ಕೊರತೆ ಮಿತಿ ಮೀರಿದರೆ ಎಷ್ಟು ಕಡಿಯಬೇಕು ಅಂತ ಲೆಕ್ಕ ಹಾಕಿ ಹೇಳುವ ಕೆಲಸ ಕಂಪ್ಟ್ರೋಲರ್ ಜನರಲ್‌ಗೆ, ಅಂದರೆ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯ ಮುಖ್ಯಸ್ಥರಿಗೆ. ಅಧ್ಯಕ್ಷರು ಅದನ್ನು ಜಾರಿ ಮಾಡಲೇಬೇಕು. ಆಗ ಕೋರ್ಟಿಗೆ ಹೋದವರಲ್ಲಿ ಸಂಸದ ಮೈಕ್ ಸೈನಾರ್ ಜೊತೆ ಖಜಾನೆ ನೌಕರರ ಯೂನಿಯನ್, ಎನ್‌ಟಿಇಯು ಇತ್ತು. ಕಾಯ್ದೆಯಿಂದಾಗಿ ಸದಸ್ಯರಿಗೆ ಬರಬೇಕಿದ್ದ ತುಟ್ಟಿಭತ್ಯೆಯಂಥ ಏರಿಕೆ ನಿಂತಿತ್ತು. ಮೊಕದ್ದಮೆ ಹೂಡುವ ಹಕ್ಕು ಯಾರಿಗಿದೆ ಅನ್ನುವ ಪ್ರಶ್ನೆ ಬಂದಾಗ, ಯೂನಿಯನ್ನಿನ ಸದಸ್ಯರಿಗೆ ಆದ ಈ ನಷ್ಟವೇ ಸಾಕು ಅಂತ ಸುಪ್ರೀಂ ಕೋರ್ಟ್ ಹೇಳಿತು. 1986ರ ಜುಲೈ 7ರಂದು 7-2ರ ತೀರ್ಪು: ಸಂಸತ್ತು ತೆಗೆದುಹಾಕಬಹುದಾದ ಅಧಿಕಾರಿಗೆ ಕಾರ್ಯಾಂಗದ ಕೆಲಸ ಕೊಡುವಂತಿಲ್ಲ. ಮರುವರ್ಷ ಸಂಸತ್ತು ಆ ಕೆಲಸವನ್ನು ಅಧ್ಯಕ್ಷರ ಬಜೆಟ್ ಕಚೇರಿಗೆ ಕೊಟ್ಟು ತೇಪೆ ಹಾಕಿತು. 2013ರ ಕತ್ತರಿ ಆ ತೇಪೆಯ ಮೊಮ್ಮಗು.

ಧಾರವಾಡದ ಮಾಸ್ತರ

ವಕೀಲ ತಂಗಿ, ಭಾಳ ಛಲೋ ಹೇಳಿದ್ರಿ. ನಾನು ನನ್ನ ಮಾತು ಒಂದೀಟು ತಿದ್ದಿಕೋತೀನಿ. ಸಂಸತ್ತಿನ ಬಜೆಟ್ ಕಚೇರಿನೇ 2013ರ ಫೆಬ್ರವರಿಯಾಗ ಲೆಕ್ಕಾ ಕೊಟ್ಟಿತ್ತು, ಈ ಕಡಿತದಿಂದ ವರ್ಷದ ಕೊನಿಗೆ ಏಳೂವರೆ ಲಕ್ಷ ಉದ್ಯೋಗ ಕಡಿಮಿ ಆಗ್ತಾವು ಅಂತ. ಮಂದಿ ಕೈಯಾಗ ಕೆಲಸ ಇಲ್ಲದ ಹೊತ್ತಿನ್ಯಾಗ ಸರ್ಕಾರನೂ ಕೈ ಬಿಗಿ ಹಿಡಿದ್ರ ಸಂತಿ ಇನ್ನಷ್ಟು ಒಣಗ್ತದ. ಲಗಾಮು ಬೇಕು ಅಂತ ಈಗೂ ಅಂತೀನಿ. ಲಗಾಮು ಹಿಡಿಯೂ ಕೈ ಯಾರದು ಅಂತ ಗೊತ್ತಿರಬೇಕು, ಅದೂ ಖರೆ.

ಹೂಸ್ಟನ್ ವಾಸಿ

ಆಮೇಲೆ ಏನಾಯಿತು ಸರ್? ಹೋದ ಸಂಬಳ ವಾಪಸ್ ಬಂತೇ?

ಪೊಟೋಮ್ಯಾಕ್ ದಂಡೆಯವ

ಫರ್ಲೋ ದಿನಗಳನ್ನು ಮೊದಲು 22 ಅಂದಿದ್ದರು, ಆಮೇಲೆ 14, ಆಮೇಲೆ 11. ಆಗಸ್ಟ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಅದನ್ನು 6ಕ್ಕೆ ಇಳಿಸಿದರು. ಆ ಆರು ದಿನದ ಸಂಬಳ ಬರಲೇ ಇಲ್ಲ. ಅಕ್ಟೋಬರ್ 1ರಿಂದ 16 ದಿನ ಸರ್ಕಾರವೇ ಮುಚ್ಚಿತು. ಆ ದಿನಗಳ ಸಂಬಳ ಮಾತ್ರ ಆಮೇಲೆ ಕೊಟ್ಟರು. ಡಿಸೆಂಬರ್‌ನಲ್ಲಿ ಎರಡು ಸದನಗಳ ಬಜೆಟ್ ಸಮಿತಿ ಮುಖ್ಯಸ್ಥರಾದ ರಯಾನ್ ಮತ್ತು ಮರ್ರಿ ನಡುವೆ ಒಪ್ಪಂದವಾಗಿ ಎರಡು ವರ್ಷಕ್ಕೆ ಕತ್ತರಿ ಸಡಿಲಾಯಿತು. ಅದರ ಬೆಲೆಯ ಒಂದು ಪಾಲನ್ನು ಮುಂದೆ ಸೇರುವ ನೌಕರರ ಮೇಲೆ ಹೊರಿಸಿದರು: 2014ರಿಂದ ಸೇರಿದವರು ಪಿಂಚಣಿಗೆ ಸಂಬಳದ ಶೇ 4.4 ಕಟ್ಟಬೇಕು. ನನ್ನ ಕಾಲದವರು ಕಟ್ಟಿದ್ದು ಶೇ 0.8. ಯೂನಿಯನ್ ವಿರೋಧಿಸಿತು, ತಡೆಯಲು ಆಗಲಿಲ್ಲ. ಇನ್ನೂ ಸೇರದವರ ಪರವಾಗಿ ಕೂಗಲು ನಮ್ಮ ಸಭೆಗೆ ಬಂದವರು ಕಡಿಮೆ. ಅದು ನನ್ನನ್ನು ಈಗಲೂ ಕೊರೆಯುತ್ತದೆ.

ಬೆಂಗಳೂರಿನಿಂದ ಗುಮಾಸ್ತ

ಆ ಅರವತ್ತೊಂದು ಮೇಲ್ಮನವಿ?

ಪೊಟೋಮ್ಯಾಕ್ ದಂಡೆಯವ

ಸೋತೆವು. ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ವಿಚಾರಣೆ ಮಾಡಿದರು. ಕಡಿತ ಕಾಯ್ದೆಯಿಂದ ಬಂದದ್ದು, ಅದಕ್ಕೆ ಇಲಾಖೆ ಕಂಡುಕೊಂಡ ದಾರಿ ಸಮಂಜಸವೇ, ಎಲ್ಲರನ್ನೂ ಸಮನಾಗಿ ಕಂಡಿದೆ ಅಂತ ತೀರ್ಪು.

ಆದರೆ ಆ ವಿಚಾರಣೆಯಲ್ಲಿ ಸಹಿ ಮಾಡಿದ ಅಧಿಕಾರಿ ಪ್ರಮಾಣ ಮಾಡಿ ಕೂರಲೇಬೇಕಿತ್ತು. ನೋಟಿಸಿಗೆ ಏಳು ದಿನದಲ್ಲಿ ಉತ್ತರ ಬರೆಯಬಹುದು ಅಂತ ಇತ್ತು, ನಮ್ಮ ಜನ ಬರೆದಿದ್ದರು. ಒಬ್ಬಳು ಮಗನ ಡಯಾಲಿಸಿಸ್ ಖರ್ಚಿನ ಬಗ್ಗೆ, ಒಬ್ಬ ಮನೆ ಸಾಲದ ಕಂತಿನ ಬಗ್ಗೆ, ಆ ಯಂತ್ರದ ಹಿರಿಯರು ಯಂತ್ರದ ಬಗ್ಗೆಯೇ ನಾಲ್ಕು ಪುಟ. ನಮ್ಮ ಕಡೆಯಿಂದ ಪ್ರಶ್ನೆ ಕೇಳುವ ಸರದಿ ಬಂದಾಗ ನಾನು ಅರವತ್ತೊಂದು ಉತ್ತರಗಳ ಕಟ್ಟನ್ನು ಮೇಜಿನ ಮೇಲಿಟ್ಟು ಕೇಳಿದೆ, ಇವುಗಳಲ್ಲಿ ಎಷ್ಟನ್ನು ನೀವು ಓದಿದಿರಿ?

ಅವರು ತುಂಬ ಹೊತ್ತು ಆ ಕಟ್ಟನ್ನೇ ನೋಡಿದರು. ಒಳ್ಳೆಯ ಮನುಷ್ಯ, ನನಗೆ ಹನ್ನೆರಡು ವರ್ಷದ ಪರಿಚಯ. "ಎಲ್ಲವನ್ನೂ ಓದಿದೆ" ಅಂದರು. "ಯಾವುದಕ್ಕೂ ಏನೂ ಮಾಡಲು ನನಗೆ ಅಧಿಕಾರ ಇರಲಿಲ್ಲ."

ಅದನ್ನು ದಾಖಲೆಯಲ್ಲಿ ಬರೆದುಕೊಂಡರು. ಆ ಪುಟದ ಪ್ರತಿಯೂ ಇದೇ ಫೈಲಿನಲ್ಲಿದೆ.